ಡೈಲಾಗ್ ಕೇಳಲ್ಲ, ಫೈಟ್ ಬಂದ್ರೆ ಗೋಡೆ ನಡುಗುತ್ತೆ: ಹೋಮ್ ಥಿಯೇಟರ್ ಸರಿ ಮಾಡ್ಕೊಳ್ಳೋದು ಹೇಗೆ?

ಇಯರ್‌ಫೋನ್ ಹಾಕೊಂಡು ಕೇಳೋಕೆ ಆಗದವರಿಗೆ ಇದು ಈ ವಾರದ ಸಂಚಿಕೆಯ ಬರಹ ರೂಪ. ಮಾತಾಡಿದ ಹಾಗೇ ಇದೆ, ಅಲ್ಲಲ್ಲಿ ಸ್ವಲ್ಪ ಒಪ್ಪ ಮಾಡಿದ್ದೀನಿ.

ಮೊದಲು ಒಂದು ಪ್ರಶ್ನೆ. ನಿಮ್ಮ ಮನೇಲಿ ಸಿನಿಮಾ ನೋಡುವಾಗ ಒಬ್ಬರು ರಿಮೋಟ್ ಹಿಡ್ಕೊಂಡು ಕಾವಲು ಕೂತಿರ್ತಾರಾ? ಮಾತು ಬಂದಾಗ ವಾಲ್ಯೂಮ್ 40, ಫೈಟ್ ಶುರುವಾದ ತಕ್ಷಣ 18, ಮತ್ತೆ ತಾಯಿ-ಮಗನ ಸೀನ್ ಬಂದ್ರೆ 40. ಮಧ್ಯದಲ್ಲಿ ಅಜ್ಜಿ "ಏನಂದ ಅವನು?" ಅಂತ ಕೇಳ್ತಾರೆ. ಎರಡು ಸಲ ಹೇಳ್ತೀವಿ. ಮೂರನೇ ಸಲ "ಆಮೇಲೆ ಹೇಳ್ತೀನಿ ಇರಿ" ಅಂತೀವಿ. ಅರ್ಧ ಗಂಟೆ ಕಳೆದ ಮೇಲೆ ನೋಡಿದ್ರೆ ಅಜ್ಜಿ ಎದ್ದು ಒಳಗೆ ಹೋಗಿರ್ತಾರೆ.

ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಬರೋ ತೀರ್ಮಾನ, "ಈ ಸೆಟ್ ವೇಸ್ಟ್, ಇನ್ನೂ ದೊಡ್ಡದು ತರೋಣ." ಅಲ್ಲಿಂದ ಇಎಂಐ ಲೆಕ್ಕ ಶುರು. ನಾನು ಬಿ.ಕಾಂ. ಓದಿದವನು, ದುಡ್ಡು ಹಾಕೋ ಮುಂಚೆ ವಾಪಸ್ ಏನು ಬರುತ್ತೆ ಅಂತ ನೋಡೋ ಚಾಳಿ ಇದೆ. ಹೋಮ್ ಥಿಯೇಟರ್ ವಿಷಯದಲ್ಲಿ ಆ ಲೆಕ್ಕ ಹಾಕಿದ್ರೆ ಕ್ರಮ ಹೀಗೆ ಬರುತ್ತೆ: ಮೊದಲು ಸೆಟ್ಟಿಂಗ್, ಆಮೇಲೆ ಬಾಕ್ಸ್ ಇಡೋ ಜಾಗ, ಆಮೇಲೆ ರೂಮು, ಕಟ್ಟಕಡೆಗೆ ಹೊಸ ಸಾಮಾನು. ಮೊದಲ ಎರಡಕ್ಕೆ ಖರ್ಚು ಹೆಚ್ಚುಕಮ್ಮಿ ಸೊನ್ನೆ. ಸುಧಾರಣೆ ಜಾಸ್ತಿ ಸಿಗೋದೂ ಅಲ್ಲೇ.

5.1 ಅಂದ್ರೆ ಏನು?

ಐದು ಸ್ಪೀಕರ್, ಒಂದು ಸಬ್‌ವೂಫರ್. ಐದರಲ್ಲಿ ಮೂರು ಮುಂದೆ: ಎಡ, ಬಲ, ಮಧ್ಯ. ಎರಡು ಅಕ್ಕಪಕ್ಕ, ನಾವು ಕೂತ ಜಾಗಕ್ಕಿಂತ ಸ್ವಲ್ಪ ಹಿಂದೆ. ಆ ".1" ಅಂದ್ರೆ ಬರೀ ಬೇಸ್‌ಗೆ ಮೀಸಲಾದ ಚಾನೆಲ್, ಸ್ಫೋಟ, ಗುಡುಗು ಇಂಥದ್ದಕ್ಕೆ.

ಇದರಲ್ಲಿ ನಾವು ಲೆಕ್ಕಕ್ಕೇ ಇಡದ ಬಾಕ್ಸ್ ಅಂದ್ರೆ ಮಧ್ಯದ್ದು, ಸೆಂಟರ್ ಸ್ಪೀಕರ್. ಸಿನಿಮಾದ ಮಾತುಗಳಲ್ಲಿ ಹೆಚ್ಚಿನವು ಬರೋದು ಅದರಿಂದಲೇ. ಹಾಡು, ಹಿನ್ನೆಲೆ ಸಂಗೀತ, ಗಾಡಿ ಸದ್ದು ಉಳಿದ ಬಾಕ್ಸ್‌ಗಳಿಗೆ ಹಂಚಿಹೋಗುತ್ತೆ. ಅಂದ್ರೆ ಡೈಲಾಗ್ ಕೇಳ್ತಿಲ್ಲ ಅಂದಾಗ ಮೊದಲು ಅನುಮಾನ ಪಡಬೇಕಾದ್ದು ಆ ಒಂದು ಬಾಕ್ಸ್ ಮೇಲೆ.

ಟಿವಿಯಿಂದ 5.1 ಹೊರಗೆ ಬರ್ತಿದ್ಯಾ?

ಎಷ್ಟೋ ಮನೆಗಳಲ್ಲಿ ಐದು ಬಾಕ್ಸ್ ಇದ್ರೂ ಕೇಳ್ತಿರೋದು ಎರಡೇ ಚಾನೆಲ್‌ನ ಸ್ಟೀರಿಯೋ. ಮೂರು ಕಡೆ ಚೆಕ್ ಮಾಡಿ.

ಒಂದು, ವೈರ್. ಬ್ಲೂಟೂತ್‌ನಲ್ಲಿ ಕನೆಕ್ಟ್ ಮಾಡಿದ್ರೆ ಬರೋದು ಸ್ಟೀರಿಯೋ ಮಾತ್ರ. ಟಿವಿ ಹಿಂದೆ ಎಚ್‌ಡಿಎಂಐ ಪೋರ್ಟ್‌ಗಳಲ್ಲಿ ಒಂದರ ಪಕ್ಕ ಮಾತ್ರ ಎಆರ್‌ಸಿ ಅಥವಾ ಇ-ಎಆರ್‌ಸಿ ಅಂತ ಬರೆದಿರುತ್ತೆ, ಅದಕ್ಕೇ ಸಿಕ್ಕಿಸಬೇಕು. ಅದಿಲ್ಲ ಅಂದ್ರೆ ಆಪ್ಟಿಕಲ್ ಕೇಬಲ್. ಅದರಲ್ಲೂ ಸಾಮಾನ್ಯ ಡಾಲ್ಬಿ 5.1 ಬರುತ್ತೆ.

ಎರಡು, ಟಿವಿ ಸೆಟ್ಟಿಂಗ್. ಸೌಂಡ್ ಮೆನುವಿನಲ್ಲಿ "ಡಿಜಿಟಲ್ ಆಡಿಯೋ ಔಟ್" ಅಂತ ಇರುತ್ತೆ. ಅದು "ಪಿಸಿಎಂ" ಅಂತಿದ್ರೆ ಎಆರ್‌ಸಿ, ಆಪ್ಟಿಕಲ್ ಎರಡರಲ್ಲೂ ಎರಡೇ ಚಾನೆಲ್ ಹೋಗೋದು. "ಆಟೋ", "ಬಿಟ್‌ಸ್ಟ್ರೀಮ್" ಅಥವಾ "ಪಾಸ್ ಥ್ರೂ" ಮಾಡಿ.

ಮೂರು, ಆ್ಯಪ್. ಓಟಿಟಿಯಲ್ಲಿ ಭಾಷೆ ಆರಿಸೋ ಜಾಗದಲ್ಲಿ ಕೆಲವು ಸಿನಿಮಾಗಳಿಗೆ "ಕನ್ನಡ" ಅಂತ ಒಂದು, "ಕನ್ನಡ 5.1" ಅಂತ ಇನ್ನೊಂದು ಇರುತ್ತೆ. ಹೋಮ್ ಥಿಯೇಟರ್ ಇದ್ರೆ ಎರಡನೇದು ಆರಿಸಿ. ಬರೀ ಟಿವಿ ಸ್ಪೀಕರ್‌ನಲ್ಲೇ ನೋಡೋರು ಮೊದಲನೇದು ಆರಿಸಿ ನೋಡಿ. 5.1ನ್ನ ಎರಡು ಚಾನೆಲ್‌ಗೆ ಕುಗ್ಗಿಸುವಾಗ ಮಾತು ಸಣ್ಣಗಾಗೋ ಸಾಧ್ಯತೆ ಇದೆ.

ಯೂಟ್ಯೂಬ್ ವಿಡಿಯೋಗಳು ಬಹುತೇಕ ಸ್ಟೀರಿಯೋನೇ. ಅದನ್ನ ನೋಡುವಾಗ ಸೆಂಟರ್ ಸ್ಪೀಕರ್ ಸುಮ್ಮನಿದ್ರೆ, ನಿಮ್ಮ ರಿಸೀವರ್‌ನಲ್ಲಿ "ಡಾಲ್ಬಿ ಸರೌಂಡ್" ಅಥವಾ "ಪ್ರೊ ಲಾಜಿಕ್" ಮೋಡ್ ಹಾಕಿ. ಎರಡು ಚಾನೆಲ್‌ನ ಐದಕ್ಕೆ ಹಂಚೋ ಕೆಲಸ ಅದು ಮಾಡುತ್ತೆ.

ಯಾವ ಬಾಕ್ಸ್ ಎಲ್ಲಿ?

ನಮ್ಮ ಮನೆಗಳ ಕ್ಲಾಸಿಕ್ ದೃಶ್ಯ ಗೊತ್ತಲ್ಲ: ಐದೂ ಬಾಕ್ಸ್ ಶೋಕೇಸ್‌ನಲ್ಲಿ ಸಾಲಾಗಿ, ಗಣಪತಿ ಮೂರ್ತಿ, ಸ್ಕೂಲ್ ಶೀಲ್ಡ್ ಪಕ್ಕ. ವೈರ್ ಉದ್ದ ಸಾಲ್ದು, ನೋಡೋಕೆ ನೀಟಾಗಿದೆ. ಆದ್ರೆ ಹಿಂದಿನಿಂದ ಬರಬೇಕಾದ ಮಳೆ ಸದ್ದು ಕೂಡ ಮುಂದಿನಿಂದಲೇ ಬಂದು ಮಾತಿನ ಮೇಲೆ ಬೀಳುತ್ತೆ.

ಮುಂದಿನ ಎಡ-ಬಲ ಬಾಕ್ಸ್‌ಗೆ ಸುಲಭ ಸೂತ್ರ ಇದೆ. ನೀವು ಕೂರೋ ಜಾಗ, ಎಡ ಬಾಕ್ಸ್, ಬಲ ಬಾಕ್ಸ್, ಈ ಮೂರೂ ಸಮಬಾಹು ತ್ರಿಕೋನ ಆಗಬೇಕು. ಎಂಟು ಅಡಿ ದೂರ ಕೂತ್ರೆ ಬಾಕ್ಸ್‌ಗಳ ನಡುವೆಯೂ ಹೆಚ್ಚುಕಮ್ಮಿ ಎಂಟು ಅಡಿ. ಸ್ಟುಡಿಯೋಗಳಿಗೆ ಇರೋ ಅಂತರರಾಷ್ಟ್ರೀಯ ಮಾನದಂಡವೂ ಇದನ್ನೇ ಹೇಳುತ್ತೆ, ಮಧ್ಯದಿಂದ ಆ ಕಡೆ 30 ಡಿಗ್ರಿ, ಈ ಕಡೆ 30 ಡಿಗ್ರಿ. ಎತ್ತರ ಕೂತಾಗಿನ ಕಿವಿಯ ಮಟ್ಟ, ಅಂದಾಜು ಮೂರರಿಂದ ಮೂರೂವರೆ ಅಡಿ.

ಸರೌಂಡ್ ಬಾಕ್ಸ್‌ಗಳು 100ರಿಂದ 120 ಡಿಗ್ರಿಯಲ್ಲಿ, ಅಂದ್ರೆ ನಿಮ್ಮ ಭುಜದ ನೇರಕ್ಕಿಂತ ಸ್ವಲ್ಪ ಹಿಂದೆ. ಕಿವಿಗಿಂತ ಒಂದೆರಡು ಅಡಿ ಮೇಲಿದ್ರೆ ಒಳ್ಳೇದು. ಸೋಫಾ ಹಿಂದಿನ ಗೋಡೆಗೇ ಅಂಟಿದ್ರೆ ಪಕ್ಕದ ಗೋಡೆಗೆ ಹಾಕಿ, ಪರವಾಗಿಲ್ಲ. ಬಾಡಿಗೆ ಮನೆ, ಮೊಳೆ ಹೊಡೆಯೋ ಹಾಗಿಲ್ಲ ಅನ್ನೋರು ಎತ್ತರದ ಸ್ಟೂಲ್ ಮೇಲಿಡಿ.

ಇನ್ನು ಸೆಂಟರ್. ಸಾಮಾನ್ಯವಾಗಿ ಇದು ಟಿವಿ ಸ್ಟ್ಯಾಂಡ್‌ನ ಗೂಡಿನೊಳಗೆ, ಸೆಟ್‌ಟಾಪ್ ಬಾಕ್ಸ್ ಹಿಂದೆ ಅಡಗಿರುತ್ತೆ. ಆಗ ಧ್ವನಿ ಗೂಡಿನೊಳಗೇ ಬಡಿದು ಗೊಗ್ಗರು ಗೊಗ್ಗರಾಗಿ ಬರುತ್ತೆ, ಉಳಿದದ್ದು ನಮ್ಮ ಮಂಡಿಗೆ ತಾಗುತ್ತೆ. ಎರಡು ಕೆಲಸ ಮಾಡಿ. ಬಾಕ್ಸನ್ನ ಶೆಲ್ಫ್‌ನ ಮುಂದಿನ ಅಂಚಿಗೆ ಎಳೀರಿ. ಮುಂಭಾಗದ ಕೆಳಗೆ ಬಾಗಿಲಿಗೆ ಕೊಡೋ ರಬ್ಬರ್ ತುಂಡು ಇಟ್ಟು, ಬಾಕ್ಸ್ ನಿಮ್ಮ ಮುಖ ನೋಡೋ ಹಾಗೆ ಎತ್ತಿ. ಐದು ನಿಮಿಷದ ಕೆಲಸ, ವ್ಯತ್ಯಾಸ ಅದೇ ಸೀನ್‌ನಲ್ಲಿ ಗೊತ್ತಾಗುತ್ತೆ.

ಹಾಗೇ ವೈರ್‌ಗಳನ್ನೂ ನೋಡಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಇರಬೇಕು. ಒಂದು ಬಾಕ್ಸ್‌ನಲ್ಲಿ ಉಲ್ಟಾ ಆದ್ರೆ ಒಂದು ಬಾಕ್ಸ್ ಗಾಳಿಯನ್ನ ತಳ್ಳುವಾಗ ಇನ್ನೊಂದು ಎಳೆಯುತ್ತೆ, ಬೇಸ್ ಒಂದಕ್ಕೊಂದು ಹೊಡೆದುಹೋಗುತ್ತೆ.

ಬೇಸ್ ಯಾಕೆ ಗುಂಯ್ ಅನ್ನುತ್ತೆ?

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತೆ. 12 ಅಡಿ ಉದ್ದದ ಹಾಲ್‌ನಲ್ಲಿ ಸುಮಾರು 47 ಹರ್ಟ್ಸ್‌ನ ಬೇಸ್ ಅಲೆ ಎರಡು ಗೋಡೆಗಳ ನಡುವೆ ಸರಿಯಾಗಿ ಕೂತುಬಿಡುತ್ತೆ. 10 ಅಡಿಗೆ ಅದು ಸುಮಾರು 56 ಹರ್ಟ್ಸ್. ಆ ಸ್ವರ ಬಂದಾಗಲೆಲ್ಲ ರೂಮೇ ಘಟದ ಹಾಗೆ ಮೊಳಗುತ್ತೆ. ಗೋಡೆ ಹತ್ತಿರ ಜಾಸ್ತಿ, ನಡುವೆ ಕಮ್ಮಿ. ಸೋಫಾ ಗೋಡೆಗೆ ಅಂಟಿದ್ದವರಿಗೆ ಬೇಸ್ ಅತಿಯಾಗಿ ಅನ್ನಿಸೋದು ಇದಕ್ಕೇ. ಒಂದಡಿ ಮುಂದಕ್ಕೆ ಎಳೆದರೂ ಉಪಯೋಗ ಇದೆ.

ಸಬ್‌ವೂಫರ್‌ಗೆ ಒಳ್ಳೇ ಜಾಗ ಹುಡುಕೋಕೆ ಹಳೇ ಟ್ರಿಕ್ ಇದೆ. ಅದನ್ನ ನೀವು ಕೂರೋ ಜಾಗದಲ್ಲೇ ಇಟ್ಟು, ಬೇಸ್ ಇರೋ ಹಾಡು ಹಾಕಿ. ಆಮೇಲೆ ಗೋಡೆ ಪಕ್ಕದಲ್ಲೇ ಅಂಬೆಗಾಲಿಡ್ತಾ ಹೋಗಿ. ಎಲ್ಲಿ ಬೇಸ್ ಸ್ವರಗಳು ಸಮನಾಗಿ, ಬಿಡಿಬಿಡಿಯಾಗಿ ಕೇಳುತ್ತೋ ಅಲ್ಲಿ ಸಬ್ ಇಡಿ. ಮನೆಯವರು ನಗ್ತಾರೆ, ನಗಲಿ. ಮೂಲೆಯಲ್ಲಿಟ್ರೆ ಸದ್ದು ಜೋರು ಬರುತ್ತೆ, ಆದ್ರೆ ಗುಂಯ್‌ಗುಡೋದೂ ಅಲ್ಲೇ ಜಾಸ್ತಿ.

ರಿಸೀವರ್ ಇದ್ದವರು ಬಾಕ್ಸ್‌ಗಳನ್ನ "ಸ್ಮಾಲ್" ಅಂತ ಆರಿಸಿ, ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಡಿ. ಅಂದ್ರೆ 80ಕ್ಕಿಂತ ಕೆಳಗಿನ ಭಾರ ಸಬ್‌ಗೆ, ಮೇಲಿನದ್ದು ಬಾಕ್ಸ್‌ಗೆ. ಅಂಗೈಯಗಲದ ಪುಟ್ಟ ಬಾಕ್ಸ್ ಆಗಿದ್ರೆ 120 ಅಥವಾ 150.

ಲೆವೆಲ್ ಸರಿ ಮಾಡೋಕೆ ಫೋನ್ ಸಾಕು

ರಿಸೀವರ್ ಜೊತೆ ಮೈಕ್ ಕೊಟ್ಟಿದ್ರೆ ಆಟೋ ಸೆಟಪ್ ಓಡಿಸಿ. ಫ್ಯಾನ್ ಆಫ್ ಇರಲಿ, ಮೈಕ್ ಕಿವಿ ಎತ್ತರದಲ್ಲಿರಲಿ. ಮೈಕ್ ಇಲ್ಲ ಅಂದ್ರೆ ಮೆನುವಿನಲ್ಲಿ "ಟೆಸ್ಟ್ ಟೋನ್" ಹುಡುಕಿ. ಒಂದೊಂದೇ ಬಾಕ್ಸ್‌ನಿಂದ ಸುಯ್ ಅನ್ನೋ ಸದ್ದು ಬರುತ್ತೆ. ಫೋನ್‌ನಲ್ಲಿ ಡೆಸಿಬಲ್ ಅಳೆಯೋ ಉಚಿತ ಆ್ಯಪ್ ಹಾಕೊಂಡು, ಕೂರೋ ಜಾಗದಲ್ಲಿ ಹಿಡಿದು, ಐದೂ ಬಾಕ್ಸ್ ಒಂದೇ ಅಂಕಿ ತೋರಿಸೋ ಹಾಗೆ ಮಾಡಿ, ಉದಾಹರಣೆಗೆ 75. ಫೋನ್ ಮೈಕ್‌ನ ಅಂಕಿ ಪಕ್ಕಾ ಅಲ್ಲದೇ ಇರಬಹುದು, ಆದ್ರೆ ಒಂದು ಬಾಕ್ಸನ್ನ ಇನ್ನೊಂದಕ್ಕೆ ಹೋಲಿಸೋಕೆ ಧಾರಾಳ ಸಾಕು. ಬೇಸ್ ಅಳೆಯೋಕೆ ಮಾತ್ರ ಅದನ್ನ ನಂಬಬೇಡಿ, ಸಬ್ ಕಿವಿಯಿಂದಲೇ ಹೊಂದಿಸಿ.

ದೂರದ ಸೆಟ್ಟಿಂಗ್ ಕೇಳಿದ್ರೆ ಟೇಪ್ ಹಿಡಿದು ಅಳೆದು ಹಾಕಿ. ಒಂದು ಅಡಿ ದಾಟೋಕೆ ಶಬ್ದಕ್ಕೆ ಹತ್ತಿರಹತ್ತಿರ ಒಂದು ಮಿಲಿಸೆಕೆಂಡ್ ಬೇಕು. ಆ ವ್ಯತ್ಯಾಸವನ್ನ ರಿಸೀವರ್ ಸರಿದೂಗಿಸುತ್ತೆ.

ಎಲ್ಲ ಸಮ ಆದ ಮೇಲೆ ಸೆಂಟರ್ ಒಂದನ್ನ 2 ಅಥವಾ 3 ಡೆಸಿಬಲ್ ಏರಿಸಿ. ರಿಮೋಟ್ ಕಾವಲಿಗೆ ಅರ್ಧ ಪರಿಹಾರ ಇದೇ. ಇನ್ನರ್ಧ "ನೈಟ್ ಮೋಡ್". ಇದು ಜೋರು ಸದ್ದನ್ನ ತಗ್ಗಿಸಿ, ಸಣ್ಣ ಸದ್ದನ್ನ ಎತ್ತುತ್ತೆ. ಥಿಯೇಟರ್‌ನಲ್ಲಿ ಪಿಸುಮಾತಿಗೂ ಸ್ಫೋಟಕ್ಕೂ ಇರೋ ಅಂತರ ನಮ್ಮ ಹಾಲ್‌ಗೆ ಜಾಸ್ತಿನೇ. ಅಲ್ಲಿ ಫ್ಯಾನ್ ಇಲ್ಲ, ಕುಕ್ಕರ್ ವಿಷಲ್ ಇಲ್ಲ.

ಚಪ್ಪಾಳೆ ಟೆಸ್ಟ್

ಹಾಲ್ ಮಧ್ಯೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. "ಟಕ್" ಅಂತ ನಿಂತ್ರೆ ಒಳ್ಳೇ ರೂಮು. "ಟ್ರ್‌ರ್‌ರ್" ಅಂತ ಬಾಲ ಬಂದ್ರೆ ಟೈಲ್ಸ್, ಸಿಮೆಂಟ್ ಗೋಡೆ, ಕಿಟಕಿ ಗಾಜು ಎಲ್ಲ ಸೇರಿ ಶಬ್ದವನ್ನ ಚೆಂಡಿನ ಹಾಗೆ ಆಡಿಸ್ತಿವೆ ಅಂತ. ಒಂದು ಪದದ ಬಾಲ ಇನ್ನೊಂದು ಪದದ ಮೇಲೆ ಬೀಳುತ್ತೆ, ಮಾತು ಕಲಸಿಹೋಗುತ್ತೆ. ಎಷ್ಟು ದುಬಾರಿ ಬಾಕ್ಸ್ ತಂದ್ರೂ ಇದು ಹೋಗಲ್ಲ.

ಪರಿಹಾರ ಅಟ್ಟದ ಮೇಲೇ ಇರಬಹುದು. ಟಿವಿಗೂ ಸೋಫಾಗೂ ನಡುವೆ ದಪ್ಪ ಜಮಖಾನ, ಕಿಟಕಿಗೆ ದಪ್ಪ ಪರದೆ, ಹಿಂದಿನ ಗೋಡೆಗೆ ಪುಸ್ತಕ ತುಂಬಿದ ಶೆಲ್ಫ್. ಮೊಟ್ಟೆ ಟ್ರೇ ಅಂಟಿಸೋ ವಿಡಿಯೋ ನೋಡಿ ಮೋಸ ಹೋಗಬೇಡಿ. ಅದರಿಂದ ಆಗೋ ಉಪಯೋಗ ತೀರಾ ಕಮ್ಮಿ, ಬೇಗ ಬೆಂಕಿ ಹಿಡಿಯೋ ವಸ್ತು ಬೇರೆ.

ವ್ಯಾಟ್ ಅನ್ನೋ ಮಾಯೆ

ಇಷ್ಟೆಲ್ಲ ಆದ ಮೇಲೂ ಹೊಸದು ಬೇಕು ಅನ್ಸಿದ್ರೆ ತಗೊಳ್ಳಿ, ಆದ್ರೆ ಡಬ್ಬದ ಮೇಲಿನ ಅಂಕಿ ನೋಡಿ ಅಲ್ಲ. "ಪಿಎಂಪಿಒ" ಅಂತ ಬರೆದಿರೋ ಸಾವಿರಾರು ವ್ಯಾಟ್‌ಗೆ ಯಾವ ಒಪ್ಪಿತ ಅಳತೆಯೂ ಇಲ್ಲ. "ಆರ್‌ಎಂಎಸ್" ಅಂಕಿ ಕೇಳಿ. ಅದರಲ್ಲೂ ಲೆಕ್ಕ ವಿಚಿತ್ರ: ವ್ಯಾಟ್ ಎರಡು ಪಟ್ಟು ಮಾಡಿದ್ರೆ ಏರೋದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸೋಕೆ ಸುಮಾರು 10 ಡೆಸಿಬಲ್ ಬೇಕು, ಅಂದ್ರೆ ಹತ್ತು ಪಟ್ಟು ವ್ಯಾಟ್. 50ರಿಂದ 100 ವ್ಯಾಟ್‌ಗೆ ಹೋಗೋಕೆ ಕೊಡೋ ದುಡ್ಡಿಗೆ ಸಿಗೋದು ಆ 3 ಡೆಸಿಬಲ್. ಸೆಂಟರ್ ಸೆಟ್ಟಿಂಗ್‌ನಲ್ಲಿ ನೀವು ಈಗಷ್ಟೇ ಬಿಟ್ಟಿ ಏರಿಸಿದ್ದೂ ಅಷ್ಟೇ.

ಬಜೆಟ್ ಕಮ್ಮಿ ಇದ್ರೆ ಐದು ಕಳಪೆ ಬಾಕ್ಸ್‌ಗಿಂತ ಮೂರು ಒಳ್ಳೇ ಬಾಕ್ಸ್ ಮೇಲು: ಎಡ, ಬಲ, ಸೆಂಟರ್. ಉಳಿದದ್ದು ಮುಂದಿನ ವರ್ಷ ಸೇರಿಸಬಹುದು. ಸೌಂಡ್‌ಬಾರ್ ನೋಡ್ತಿರೋರು ಗಮನಿಸಿ: 2.1 ಅಂದ್ರೆ ಸೆಂಟರ್ ಇಲ್ಲ, 3.1 ಅಂದ್ರೆ ಇದೆ.

ಅಜ್ಜಿ ವಿಷಯಕ್ಕೆ ಬರೋಣ

ವಯಸ್ಸಾದಂತೆ ಕಿವಿ ಮೊದಲು ಕಳ್ಕೊಳ್ಳೋದು ಎತ್ತರದ ಸ್ವರಗಳನ್ನ. ಸ, ಶ, ತ, ಕ ಇಂಥ ವ್ಯಂಜನಗಳ ಗುರುತು ಇರೋದು ಅಲ್ಲೇ. ಅದಕ್ಕೇ ಅವರಿಗೆ ಸದ್ದು ಕೇಳುತ್ತೆ, ಆದ್ರೆ ಹೇಳಿದ್ದು "ಸಾಲ"ನಾ "ಕಾಲ"ನಾ ಅಂತ ಗೊತ್ತಾಗಲ್ಲ. ಒಟ್ಟು ವಾಲ್ಯೂಮ್ ಏರಿಸಿದ್ರೆ ಬೇಸ್ ಕೂಡ ಏರಿ ಆ ವ್ಯಂಜನಗಳನ್ನ ಇನ್ನಷ್ಟು ಮುಚ್ಚುತ್ತೆ. ಸೆಂಟರ್ ಏರಿಸಿ, ಸಬ್ ಇಳಿಸಿ, ಅವರನ್ನ ಸೋಫಾದ ತುದಿಯಲ್ಲಿ ಕೂರಿಸದೆ ಮಧ್ಯದಲ್ಲಿ ಕೂರಿಸಿ. ಟಿವಿ ಇಲ್ಲದೆ ಎದುರಾಎದುರು ಮಾತಾಡುವಾಗಲೂ "ಏನಂದೆ?" ಅಂತಿದ್ರೆ ಅದು ಸ್ಪೀಕರ್ ಪ್ರಾಬ್ಲಂ ಅಲ್ಲ, ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದಕ್ಕೇ ಅಂತ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಿಮ್ಮೂರಿನ ಇಎನ್‌ಟಿ ಡಾಕ್ಟರ್ ಹತ್ತಿರವೂ ಶುರು ಮಾಡಬಹುದು.

ಪಕ್ಕದ ಮನೆಯವರನ್ನೂ ಮರೀಬೇಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಇದೆ. ಮಾತು ಗೋಡೆ ದಾಟೋದು ಕಷ್ಟ, ಬೇಸ್ ಸುಲಭವಾಗಿ ದಾಟುತ್ತೆ. ಹತ್ತಾದ ಮೇಲೆ ಸಬ್ ಇಳಿಸಿ, ನೈಟ್ ಮೋಡ್ ಹಾಕಿ.

ಕೊನೆಗೆ ಒಂದು ಪರೀಕ್ಷೆ. ಎಲ್ಲ ಮುಗಿದ ಮೇಲೆ ಮನೆಯವರು ಯಾರೂ ನೋಡಿರದ ಸಿನಿಮಾ ಹಾಕಿ. ನಿಮಗೆ ಬಾಯಿಪಾಠ ಇರೋ ಸಿನಿಮಾ ಬೇಡ, ಅದರ ಡೈಲಾಗನ್ನ ನಿಮ್ಮ ಮಿದುಳೇ ತುಂಬಿಸಿಕೊಳ್ಳುತ್ತೆ. ಸಬ್‌ಟೈಟಲ್ ಆಫ್ ಮಾಡಿ, ವಾಲ್ಯೂಮ್ ಒಂದು ಕಡೆ ಇಟ್ಟು ರಿಮೋಟ್ ದೂರ ಇಡಿ. ಇಪ್ಪತ್ತು ನಿಮಿಷದಲ್ಲಿ ಯಾರೂ "ಏನಂದ?" ಅಂತ ಕೇಳಿಲ್ಲ ಅಂದ್ರೆ ನಿಮ್ಮ ಹೋಮ್ ಥಿಯೇಟರ್ ಪಾಸ್, ಅದು ಎಷ್ಟು ರೂಪಾಯಿದೇ ಆಗಿರಲಿ.

ನಿಮ್ಮ ಹಾಲ್‌ನ ಅಳತೆ, ಬಾಕ್ಸ್ ಇಟ್ಟಿರೋ ಜಾಗ ವಾಯ್ಸ್ ನೋಟ್‌ನಲ್ಲಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಮಾತಾಡೋಣ. ಅಲ್ಲೀವರೆಗೂ, ನಮಸ್ಕಾರ.