ನೀತಿಪ್ರಾಪ್ತಿಯ ವಿವಾದವೂ ಸಮನ್ವಯದ ಯತ್ನಗಳೂ: ರೇಗನ್ಸ್‌ಬರ್ಗಿನಿಂದ ಔಗ್ಸ್‌ಬರ್ಗಿನವರೆಗೆ (1541–1999)

ಪಾಶ್ಚಾತ್ಯ ಕ್ರೈಸ್ತಸಮಾಜವು ಹದಿನಾರನೆಯ ಶತಮಾನದಲ್ಲಿ ಇಬ್ಭಾಗವಾದುದಕ್ಕೆ ಕಾರಣಗಳು ಹಲವು. ಪಾಪಪರಿಹಾರ ಪತ್ರಗಳ ವಿಕ್ರಯ, ಜರ್ಮನ್ ಅರಸರ ಸ್ವಾತಂತ್ರ್ಯಾಕಾಂಕ್ಷೆ, ಮುದ್ರಣಯಂತ್ರದ ಪ್ರಸಾರ ಮೊದಲಾದವನ್ನು ನಮ್ಮ ಪಠ್ಯಗ್ರಂಥಗಳು ಸಾಕಷ್ಟು ವಿವರಿಸುತ್ತವೆ. ಆದರೆ 1517ರಲ್ಲಿ ವಿಟ್ಟೆನ್‌ಬರ್ಗಿನಲ್ಲಿ ಮಾರ್ಟಿನ್ ಲೂಥರನು ಆರಂಭಿಸಿದ ವಾದವು ಕೆಲವೇ ವರ್ಷಗಳಲ್ಲಿ ಬಂದು ನಿಂತುದು ಒಂದು ತಾತ್ತ್ವಿಕ ಪ್ರಶ್ನೆಯಲ್ಲಿ: ಪಾಪಿಯಾದ ಮನುಷ್ಯನು ದೇವರ ಸನ್ನಿಧಿಯಲ್ಲಿ ನೀತಿವಂತನಾಗುವುದು ಹೇಗೆ? ಈ ಪ್ರಶ್ನೆಯ ಬಗೆಗೆ ಕಥೋಲಿಕರಿಗೂ ಲೂಥರನ್ನರಿಗೂ 1541ರಲ್ಲಿ ಒಂದು ಒಪ್ಪಂದವಾಗಿ ಮುರಿಯಿತು. 1999ರಲ್ಲಿ ಇನ್ನೊಂದು ಒಪ್ಪಂದವಾಗಿ ಉಳಿಯಿತು. ಮೊದಲನೆಯದು ಏಕೆ ಮುರಿಯಿತು, ಎರಡನೆಯದು ಏಕೆ ಉಳಿಯಿತು ಎಂಬುದನ್ನು ಇಲ್ಲಿ ವಿವೇಚಿಸುವೆವು.

ವಿವಾದದ ಸ್ವರೂಪ

ಸಂತ ಪೌಲನ ಪತ್ರಗಳಲ್ಲಿನ ಒಂದು ಗ್ರೀಕ್ ಕ್ರಿಯಾಪದವೇ ವಿವಾದದ ಮೂಲ. ಅದರ ಲ್ಯಾಟಿನ್ ರೂಪಕ್ಕೆ 'ನೀತಿವಂತನನ್ನಾಗಿ ಮಾಡು' ಎಂಬ ಅರ್ಥವು ಸಹಜವಾಗಿ ಬರುತ್ತದೆ. ಸಂತ ಅಗಸ್ಟೀನನೂ ಹಾಗೆಯೇ ಗ್ರಹಿಸಿದನು. ಇದರಂತೆ ದೇವರ ಕೃಪೆಯು ಮನುಷ್ಯನ ಅಂತರಂಗವನ್ನು ಹೊಕ್ಕು ಅವನನ್ನು ಮಾರ್ಪಡಿಸುತ್ತದೆ. ಲೂಥರನೂ ಅವನ ಸಹಚರನಾದ ಫಿಲಿಪ್ ಮೆಲಾಂಖ್ಟನನೂ ಅದೇ ಪದವನ್ನು ನ್ಯಾಯಸ್ಥಾನದ ಪರಿಭಾಷೆಯಾಗಿ ಓದಿದರು. ನ್ಯಾಯಾಧಿಪತಿಯು ಆರೋಪಿಯನ್ನು ನಿರ್ದೋಷಿಯೆಂದು ಸಾರುವಂತೆ, ದೇವರು ಕ್ರಿಸ್ತನ ನೀತಿಯನ್ನು ಪಾಪಿಯ ಲೆಕ್ಕಕ್ಕೆ ಸೇರಿಸಿ ಅವನನ್ನು ನೀತಿವಂತನೆಂದು ನಿರ್ಣಯಿಸುತ್ತಾನೆ. ಕನ್ನಡದಲ್ಲಿ 'ಮಾಡು' ಎಂದರೂ 'ನಿರ್ಣಯಿಸು' ಎಂದರೂ ಒಂದು ಪಕ್ಷವನ್ನು ಹಿಡಿದಂತಾಗುವುದರಿಂದ ಈ ಲೇಖನದಲ್ಲಿ 'ನೀತಿಪ್ರಾಪ್ತಿ' ಎಂಬ ಪದವನ್ನು ಬಳಸಿದ್ದೇವೆ.

'ನಂಬಿಕೆ' ಎಂಬ ಪದಕ್ಕೂ ಇದೇ ಗತಿಯಾಯಿತು. ಲೂಥರನಿಗೆ ನಂಬಿಕೆಯೆಂದರೆ ದೇವರ ವಾಗ್ದಾನದಲ್ಲಿ ತನ್ನನ್ನೇ ಒಪ್ಪಿಸಿಕೊಳ್ಳುವ ಭರವಸೆ. ಆದ್ದರಿಂದ 'ನಂಬಿಕೆಯೊಂದೇ ಸಾಕು' ಎಂದನು. ಕಥೋಲಿಕ ಪಂಡಿತರ ಪರಿಭಾಷೆಯಲ್ಲಿ ಅದು ಮುಖ್ಯವಾಗಿ ದೇವರು ತಿಳಿಸಿದ ಸತ್ಯಕ್ಕೆ ಬುದ್ಧಿಯು ಕೊಡುವ ಸಮ್ಮತಿ; ಪ್ರೀತಿಯು ಕೂಡಿದಲ್ಲದೆ ಅದಕ್ಕೆ ಜೀವವಿಲ್ಲ. ಒಂದೇ ಪದವನ್ನಾಡುತ್ತ ಇಬ್ಬರೂ ಎರಡು ವಿಷಯಗಳನ್ನು ಚರ್ಚಿಸುತ್ತಿದ್ದರು.

ಶ್ರೀವೈಷ್ಣವರ ಮರ್ಕಟ-ಮಾರ್ಜಾಲ ನ್ಯಾಯಗಳ ಚರ್ಚೆ ಇಲ್ಲಿ ಓದುಗರಿಗೆ ನೆನಪಾಗಬಹುದು. ಮರಿಯೇ ತಾಯಿಯನ್ನು ಅಪ್ಪಿ ಹಿಡಿಯಬೇಕೆ, ತಾಯಿಯೇ ಮರಿಯನ್ನು ಕಚ್ಚಿ ಒಯ್ಯುವಳೆ ಎಂಬ ಪ್ರಶ್ನೆ ಅಲ್ಲಿಯದು. ಆದರೆ ಈ ಹೋಲಿಕೆಯನ್ನು ದೂರಕ್ಕೆ ಎಳೆಯಲಾಗದು. ಮರಿಯ ಹಿಡಿತಕ್ಕೆ ಬಲ ಬರುವುದೂ ಕೃಪೆಯಿಂದಲೇ ಎಂಬುದು ಕಥೋಲಿಕರ ಮತವಾಗಿತ್ತು.

ರೇಗನ್ಸ್‌ಬರ್ಗಿನ ಒಪ್ಪಂದ

ತುರ್ಕರ ಭೀತಿಯಿದ್ದ ಕಾಲದಲ್ಲಿ ಸಾಮ್ರಾಜ್ಯದ ಐಕ್ಯವನ್ನು ಬಯಸಿದ ಚಕ್ರವರ್ತಿ ಐದನೆಯ ಚಾರ್ಲ್ಸನು 1541ರಲ್ಲಿ ರೇಗನ್ಸ್‌ಬರ್ಗಿನಲ್ಲಿ ಉಭಯ ಪಕ್ಷಗಳ ಸಂವಾದವನ್ನು ಏರ್ಪಡಿಸಿದನು. ಕಥೋಲಿಕರ ಕಡೆಯಿಂದ ಎಕ್, ಗ್ರಾಪರ್, ಪ್ಫ್ಲುಗ್ ಎಂಬುವರೂ, ಸುಧಾರಣಾವಾದಿಗಳ ಕಡೆಯಿಂದ ಮೆಲಾಂಖ್ಟನ್, ಬ್ಯೂಟ್ಸರ್, ಪಿಸ್ಟೋರಿಯಸ್ ಎಂಬುವರೂ ಭಾಗವಹಿಸಿದರು. ಪೋಪರ ಪ್ರತಿನಿಧಿಯಾಗಿ ಬಂದಿದ್ದ ಕಾರ್ಡಿನಲ್ ಗ್ಯಾಸ್ಪರೋ ಕಾಂಟರೀನಿಯು ಸಮಾಧಾನಪ್ರಿಯನು. ಮೇ 2ರಂದು ನೀತಿಪ್ರಾಪ್ತಿಯ ವಿಷಯದಲ್ಲಿ ಸಮ್ಮತಿಯಾಯಿತು. ಆರೋಪಿತ ನೀತಿ, ಅಂತರ್ಗತ ನೀತಿ ಎರಡೂ ಮನುಷ್ಯನಿಗೆ ಲಭಿಸುತ್ತವೆ. ಆದರೆ ಅವನು ನೆಚ್ಚಬೇಕಾದುದು ಕ್ರಿಸ್ತನ ನೀತಿಯನ್ನೇ ಎಂಬುದು ಅದರ ಸಾರ.

ಈ ಒಪ್ಪಂದ ಬಾಳಲಿಲ್ಲ. ಲೂಥರನು ಅದನ್ನು ತೇಪೆ ಹಾಕಿದ ಕೆಲಸವೆಂದು ಬಗೆದನು. ರೋಮ್ ಅದಕ್ಕೆ ಅನುಮೋದನೆ ಕೊಡಲಿಲ್ಲ. ಸಂವಾದವು ಧರ್ಮಸಭೆಯ ಅಧಿಕಾರ, ಪ್ರಭುಭೋಜನ ಸಂಸ್ಕಾರಗಳ ಪ್ರಶ್ನೆಗೆ ಬಂದಾಗ ಪೂರ್ತಿಯಾಗಿ ಕಡಿಯಿತು. ಎರಡು ಪಕ್ಷಗಳ ಮಾತನ್ನೂ ಒಂದೇ ವಾಕ್ಯದಲ್ಲಿ ಹೊಲಿದಿದ್ದರಿಂದ ಪ್ರತಿಯೊಬ್ಬರೂ ಅದನ್ನು ತಮ್ಮ ಅರ್ಥದಲ್ಲಿಯೇ ಓದಬಹುದಾಗಿತ್ತು. ಮೇಲಾಗಿ, ಸಂವಾದಿಗಳ ಬೆನ್ನಿಗೆ ಅವರವರ ಸಭೆಗಳು ನಿಲ್ಲಲಿಲ್ಲ.

ಟ್ರೆಂಟ್ ಮಹಾಸಭೆ

1545ರಲ್ಲಿ ಟ್ರೆಂಟಿನಲ್ಲಿ ಕೂಡಿದ ಕಥೋಲಿಕ ಮಹಾಸಭೆಯು 1547ರ ಜನವರಿ 13ರಂದು ನೀತಿಪ್ರಾಪ್ತಿಯ ಬಗೆಗೆ 16 ಅಧ್ಯಾಯಗಳ ನಿರ್ಣಯವನ್ನೂ 33 ಖಂಡನಾವಿಧಿಗಳನ್ನೂ ಹೊರಡಿಸಿತು. ಸೆರಿಪಾಂಡೋ ಎತ್ತಿಹಿಡಿದ ದ್ವಿವಿಧ ನೀತಿಯ ವಾದವನ್ನು ಸಭೆಯು ಅಂಗೀಕರಿಸಲಿಲ್ಲ. 'ನಂಬಿಕೆಯೊಂದರಿಂದಲೇ' ಎಂಬುದನ್ನು, ಕೃಪೆಯೊಡನೆ ಮನುಷ್ಯನ ಸಹಕಾರವೇ ಬೇಡವೆಂಬ ಅರ್ಥದಲ್ಲಿ ಹೇಳುವವರನ್ನು 9ನೆಯ ವಿಧಿ ಬಹಿಷ್ಕರಿಸುತ್ತದೆ. ಆದರೆ ದೈವಕೃಪೆಯಿಲ್ಲದೆ ತನ್ನ ಕ್ರಿಯೆಗಳಿಂದಲೇ ಮನುಷ್ಯನು ನೀತಿವಂತನಾಗಬಲ್ಲನೆಂಬುವರನ್ನು ಬಹಿಷ್ಕರಿಸುವುದೇ 1ನೆಯ ವಿಧಿ. ಕಥೋಲಿಕರು ಸತ್ಕ್ರಿಯೆಗಳಿಂದ ರಕ್ಷಣೆಯನ್ನು ಕೊಳ್ಳುವವರೆಂಬ ಪ್ರಚಲಿತ ಆಕ್ಷೇಪಕ್ಕೆ ಇದು ಉತ್ತರವಾಗುತ್ತದೆ. ಲೂಥರನ್ನರೂ 1577ರ ಐಕ್ಯಸೂತ್ರದಲ್ಲಿ ತಮ್ಮ ಖಂಡನೆಗಳನ್ನು ಸ್ಥಿರಪಡಿಸಿದರು. ಮುಂದೆ ಸುಮಾರು ನಾಲ್ಕು ಶತಮಾನಗಳ ಕಾಲ ಎರಡು ಸಭೆಗಳೂ ಪರಸ್ಪರ ಖಂಡನೆಯ ನೆರಳಿನಲ್ಲಿಯೇ ಬಾಳಿದುವು.

ಸಂವಾದದ ಪುನರಾರಂಭ

ಎರಡನೆಯ ವ್ಯಾಟಿಕನ್ ಮಹಾಸಭೆ (1962–1965) ಹೊಸ ಬಾಗಿಲನ್ನು ತೆರೆಯಿತು. 1967ರಲ್ಲಿ ಅಂತರರಾಷ್ಟ್ರೀಯ ಸಂವಾದವು ಆರಂಭವಾಯಿತು. ಅಮೆರಿಕದ ಸಂವಾದ ಮಂಡಲಿಯು 1983ರಲ್ಲಿ ನೀತಿಪ್ರಾಪ್ತಿಯನ್ನು ಕುರಿತು ದೀರ್ಘ ವರದಿಯನ್ನು ಪ್ರಕಟಿಸಿತು. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮಹತ್ವದ್ದು, ಕಾರ್ಲ್ ಲೇಮನ್ ಮತ್ತು ವೋಲ್ಫ್‌ಹಾರ್ಟ್ ಪಾನೆನ್‌ಬರ್ಗ್ ಇವರ ಸಂಪಾದಕತ್ವದಲ್ಲಿ 1986ರಲ್ಲಿ ಹೊರಬಂದ ಜರ್ಮನ್ ಅಧ್ಯಯನ. 'ಯಾರು ಸರಿ?' ಎಂಬ ಹಳೆಯ ಪ್ರಶ್ನೆಯ ಬದಲು 'ಅಂದಿನ ಖಂಡನೆ ಇಂದಿನ ಎದುರುಪಕ್ಷಕ್ಕೆ ತಗಲುತ್ತದೆಯೆ?' ಎಂದು ಅದು ಕೇಳಿತು. ಇದು ಇತಿಹಾಸಕಾರನ ಪ್ರಶ್ನೆ. ಉತ್ತರಕ್ಕಾಗಿ ಮೂಲಪತ್ರಗಳನ್ನು ಅವುಗಳ ಕಾಲದ ಅರ್ಥದಲ್ಲಿ ಓದಲೇಬೇಕು.

1999ರ ಜಂಟಿ ಘೋಷಣೆ

ಈ ಶ್ರಮದ ಫಲವೇ 44 ಪರಿಚ್ಛೇದಗಳ ಜಂಟಿ ಘೋಷಣೆ. ಮನುಷ್ಯನ ಅರ್ಹತೆಯಿಂದಲ್ಲ, ಕೇವಲ ಕೃಪೆಯಿಂದ, ಕ್ರಿಸ್ತನಲ್ಲಿನ ನಂಬಿಕೆಯ ಮೂಲಕ ದೇವರು ಅವನನ್ನು ಸ್ವೀಕರಿಸುತ್ತಾನೆ. ಪವಿತ್ರಾತ್ಮನು ಅವನ ಹೃದಯವನ್ನು ನವೀಕರಿಸಿ ಸತ್ಕ್ರಿಯೆಗೆ ಅಣಿಗೊಳಿಸುತ್ತಾನೆ ಎಂಬುದು ಅದರ ತಾತ್ಪರ್ಯ. ಅನಂತರ ಏಳು ವಿವಾದಾಂಶಗಳನ್ನು ಎತ್ತಿಕೊಂಡು, ಪ್ರತಿಯೊಂದರಲ್ಲಿಯೂ ಮೊದಲು ಉಭಯಸಮ್ಮತವಾದುದನ್ನೂ ಬಳಿಕ ಆಯಾ ಪಕ್ಷದ ವಿಶಿಷ್ಟ ನಿರೂಪಣೆಯನ್ನೂ ಬೇರೆಬೇರೆಯಾಗಿ ಕೊಡಲಾಗಿದೆ. ರೇಗನ್ಸ್‌ಬರ್ಗಿನಲ್ಲಿ ಭೇದವನ್ನು ವಾಕ್ಯದೊಳಗೆ ಮುಚ್ಚಿದ್ದರು. ಇಲ್ಲಿ ಅದನ್ನು ಬಿಚ್ಚಿಟ್ಟು, ಅದು ಮೂಲ ಸಮ್ಮತಿಯನ್ನು ಒಡೆಯುವುದಿಲ್ಲವೆಂದು ತೋರಿಸಿದರು. ಹಳೆಯ ಖಂಡನೆಗಳನ್ನು ಯಾರೂ ಹಿಂದೆಗೆದುಕೊಳ್ಳಲಿಲ್ಲ; ಘೋಷಣೆಯಲ್ಲಿ ನಿರೂಪಿತವಾದ ಬೋಧನೆಗೆ ಅವು ಅನ್ವಯಿಸುವುದಿಲ್ಲವೆಂದರು, ಅಷ್ಟೆ.

ದಾರಿ ಸುಗಮವಾಗಿರಲಿಲ್ಲ. 1998ರಲ್ಲಿ ಜರ್ಮನಿಯ ನೂರೈವತ್ತಕ್ಕೂ ಹೆಚ್ಚು ಪ್ರಾಟೆಸ್ಟೆಂಟ್ ಪ್ರಾಧ್ಯಾಪಕರು ಕರಡನ್ನು ಪ್ರತಿಭಟಿಸಿದರು. ಅದೇ ವರ್ಷದ ಜೂನಿನಲ್ಲಿ ಲೂಥರನ್ ವಿಶ್ವ ಒಕ್ಕೂಟವು ಒಪ್ಪಿಗೆ ಕೊಟ್ಟರೂ ವ್ಯಾಟಿಕನ್ ಆಕ್ಷೇಪವೆತ್ತಿತು. ಭಕ್ತನು ಏಕಕಾಲದಲ್ಲಿ ನೀತಿವಂತನೂ ಪಾಪಿಯೂ ಆಗಿರುವನೆಂಬ ಲೂಥರನ ಸೂತ್ರವೇ ಮುಖ್ಯ ತೊಡಕು. ದೀಕ್ಷಾಸ್ನಾನದ ಬಳಿಕವೂ ಉಳಿಯುವ ದುರಿಚ್ಛೆಯನ್ನು ಲೂಥರನ್ನರು ಪಾಪವೆನ್ನುತ್ತಾರೆ. ಕಥೋಲಿಕರು ಅದನ್ನು ಪಾಪದೆಡೆಗಿನ ಸೆಳೆತವೆಂದಷ್ಟೇ ಕರೆಯುತ್ತಾರೆ. ವಿವರಣಾತ್ಮಕ ಅನುಬಂಧವೊಂದನ್ನು ಸೇರಿಸಿದ ಮೇಲೆ, 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಕಾರ್ಡಿನಲ್ ಎಡ್ವರ್ಡ್ ಕ್ಯಾಸಿಡಿ ಹಾಗೂ ಬಿಷಪ್ ಕ್ರಿಶ್ಚಿಯನ್ ಕ್ರೌಸೆ ಇವರು ಘೋಷಣೆಯನ್ನು ದೃಢೀಕರಿಸುವ ಹೇಳಿಕೆಗೆ ತಮ್ಮ ಸಭೆಗಳ ಪರವಾಗಿ ಸಹಿ ಹಾಕಿದರು. 1530ರಲ್ಲಿ ಲೂಥರನ್ನರು ತಮ್ಮ ವಿಶ್ವಾಸಪತ್ರವನ್ನು ಚಕ್ರವರ್ತಿಗೆ ಒಪ್ಪಿಸಿದುದು ಅದೇ ನಗರದಲ್ಲಿ. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವಕೂಟವೂ ಈ ಸಮ್ಮತಿಗೆ ಸೇರಿಕೊಂಡರು.

ಉಪಸಂಹಾರ

ಇದರ ಮಿತಿಯನ್ನೂ ಗಮನಿಸಬೇಕು. ಒಕ್ಕೂಟಕ್ಕೆ ಸೇರದ ಅಮೆರಿಕದ ಮಿಸ್ಸೂರಿ ಸಿನಡ್ ಇದನ್ನು ಒಪ್ಪಲಿಲ್ಲ. ಗುರುದೀಕ್ಷೆ, ಪೋಪರ ಅಧಿಕಾರ ಮೊದಲಾದ ವಿಷಯಗಳು ಇನ್ನೂ ಇತ್ಯರ್ಥವಾಗಿಲ್ಲ. ಎರಡು ಸಭೆಗಳವರು ಒಂದೇ ಪ್ರಭುಭೋಜನದಲ್ಲಿ ಪಾಲುಗೊಳ್ಳುವ ಪೂರ್ಣ ಐಕ್ಯವೂ ಬಂದಿಲ್ಲ. ಒಂದೇ ಮನೆಯಲ್ಲಿರುವ ಕಥೋಲಿಕ ಮತ್ತು ಲೂಥರನ್ ದಂಪತಿಗಳಿಗೆ ಇದು ಗ್ರಂಥಗಳ ವಿಷಯವಲ್ಲ, ಬಾಳಿನ ವಿಷಯ.

ಆದರೂ ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಒಂದು ಪಾಠವುಂಟು. ಈ ಸಮನ್ವಯಕ್ಕಾಗಿ ಯಾರೂ ತಮ್ಮ ಪೂರ್ವಿಕರನ್ನು ಅಲ್ಲಗಳೆಯಬೇಕಾಗಲಿಲ್ಲ. ಎದುರಾಳಿಯು ಆಡಿದ ಮಾತನ್ನು ಅವನ ಅರ್ಥದಲ್ಲಿಯೇ ಗ್ರಹಿಸಿ, ಅನಂತರ ತೀರ್ಪು ಕೊಡುವ ತಾಳ್ಮೆ ಬೇಕಾಯಿತು. ಆ ತಾಳ್ಮೆಯನ್ನು ಕಲಿಯಲು ಎರಡು ಸಭೆಗಳಿಗೂ ನಾನೂರೈವತ್ತು ವರ್ಷಗಳು ಹಿಡಿದುವು.