ಮೋರ್ಯರ ಗುಡ್ಡದ ವಯಸ್ಸು

ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಗುಡ್ಡವನ್ನು ಕಂಡುಬಂದ ಬಾಲಿಕೆಯರು, “ಇಲ್ಲಿ ಮನುಷ್ಯರು ಇದ್ದದ್ದು ಎಂದು? ಅದು ತಿಳಿಯುವದು ಹೇಗೆ?” ಎಂದು ಕೇಳುವದುಂಟು. ಪ್ರಶ್ನೆಯು ಯೋಗ್ಯವಾದದ್ದೇ. ಆದಕಾರಣ ಅದರ ಉತ್ತರವನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಸಂಕ್ಷೇಪವಾಗಿ ತಿಳಿಸುವೆವು.

ಆ ಗುಡ್ಡದ ಮೇಲೆ ಕಲ್ಲುಚಪ್ಪಡಿಗಳಿಂದ ಮನೆಯಾಕಾರವಾಗಿ ನಿಲ್ಲಿಸಿದ ಸಮಾಧಿಗಳೇ ಮೊದಲಾದ ಸುಮಾರು 400 ರಚನೆಗಳಿರುವವು. ಜನರು ಇವನ್ನು ಮೋರ್ಯರ ಮನೆಗಳೆಂದು ಕರೆದು, ಗಿಡ್ಡ ಜನರು ಇಲ್ಲಿ ವಾಸಿಸಿದ್ದರೆಂದು ಹೇಳುವರು. ಹೆಸರಿನ ಹೋಲಿಕೆಯಿಂದ ಇವು ಮೌರ್ಯ ಅರಸರ ಕೆಲಸವೆಂದು ಭಾವಿಸಲಾಗದು. ವಿದ್ವಾಂಸರು ಇವನ್ನು ಕ್ರಿ. ಪೂ. 800 ರಿಂದ 200 ರ ವರೆಗಿನವೆಂದು ಎಣಿಸುವರು. ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇರುವ ಅಶೋಕನ ಶಾಸನಗಳಾದರೋ ಕ್ರಿ. ಪೂ. ಮೂರನೆಯ ಶತಮಾನದವು.

ಕಾಲನಿರ್ಣಯಕ್ಕೆ ಮೊದಲನೆಯ ಸಾಧನವು ಮಣ್ಣಿನ ಪದರು. ಪೆಟ್ಟಿಗೆಯಲ್ಲಿ ಮೊದಲು ಇಟ್ಟ ಸೀರೆಯು ಅಡಿಯಲ್ಲಿರುವಂತೆ, ಕದಲದ ನೆಲದಲ್ಲಿ ಕೆಳಗಣ ಪದರು ಹಳೆಯದು. 1947 ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯನ್ನು ಮಾರ್ಟಿಮರ್ ವೀಲರರು ಅಗೆಯಿಸಿದಾಗ, ಕಲ್ಲುಕೊಡಲಿಯವರ ತರುವಾಯ ಕಬ್ಬಿಣವನ್ನು ಬಳಸಿದ ಶಿಲಾಸಮಾಧಿಯವರು ಬಂದರೆಂಬ ಕ್ರಮವು ಹೀಗೆಯೇ ಸ್ಪಷ್ಟವಾಯಿತು.

ಪದರು ಹಿಂದುಮುಂದನ್ನು ತಿಳಿಸುವದು, ವರ್ಷಗಳನ್ನು ಹೇಳದು. ಅದಕ್ಕೆ ಒಲೆಯ ಇದ್ದಲು ಬೇಕು. ಬದುಕಿರುವ ಗಿಡವು ಗಾಳಿಯಿಂದ ಕಾರ್ಬನ್-14 ಎಂಬ ದ್ರವ್ಯವನ್ನು ಹೀರುವದು. ಗಿಡವು ಸತ್ತ ಮೇಲೆ ಆ ದ್ರವ್ಯವು ಸುಮಾರು 5,730 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುವದು. ಉಳಿದುದನ್ನು ಅಳೆದು ಕಾಲವನ್ನು ಕಂಡುಹಿಡಿಯುವ ಈ ಕ್ರಮವನ್ನು ಅಮೇರಿಕದ ವಿಲ್ಲರ್ಡ್ ಲಿಬ್ಬಿಯವರು 1949 ರಲ್ಲಿ ತೋರಿಸಿಕೊಟ್ಟರು. ಸುಮಾರು 50,000 ವರ್ಷಗಳಾಚೆಗೆ ಇದು ನಡೆಯದು. ಸುರಪುರ ಸೀಮೆಯ ಇಸಾಂಪುರದಲ್ಲಿ ಆದಿಮಾನವರ ಕಲ್ಲಿನ ಆಯುಧಗಳ ಸಂಗಡ ದೊರೆತ ದನದ ಜಾತಿಯ ಪ್ರಾಣಿಯ ಹಲ್ಲಿನ ಹೊರಕವಚವನ್ನು ಬೇರೊಂದು ವಿಧಾನದಿಂದ ಪರೀಕ್ಷಿಸಿ, ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜು ಮಾಡಿರುವರು.

ಹಿರೇಬೆಣಕಲ್ಲಿನ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳೂ ಉಂಟು. ಕೆಮ್ಮಣ್ಣು ಖನಿಜವಾದುದರಿಂದ ಇದ್ದಲಿನಂತೆ ತನ್ನ ವಯಸ್ಸನ್ನು ಹೇಳಲಾರದು. ಚಿತ್ರದಲ್ಲಿ ಬರೆದ ಪ್ರಾಣಿ, ಆಯುಧಗಳೂ ಸುತ್ತಲಿನ ನೆಲವೂ ಸಾಕ್ಷಿ ನುಡಿಯಬೇಕು.

ಹೀಗಿರುವಲ್ಲಿ, ನಿಧಿಯಾಸೆಯಿಂದ ಸಮಾಧಿಯನ್ನು ಅಗೆಯುವವನು ಕಲ್ಲನ್ನು ಮಾತ್ರವಲ್ಲ, ಅದರ ಕಾಲವನ್ನೇ ಅಳಿಸುವನು. ಒಮ್ಮೆ ಕಲಸಿದ ಪದರು ಮತ್ತೆ ಕೂಡಿಬಾರದು. ಕುತೂಹಲದಿಂದ ಮನೆಗೆ ತಂದ ಮಡಿಕೆಯ ಚೂರೂ ತನ್ನ ತಾವನ್ನು ಕಳೆದುಕೊಂಡು ಮೂಕವಾಗುವದು. ನೋಡಿರಿ, ಬರೆದುಕೊಳ್ಳಿರಿ, ಇದ್ದಲ್ಲಿಯೇ ಬಿಡಿರಿ ಎಂಬುದನ್ನು ತಾಯಂದಿರು ಮಕ್ಕಳಿಗೆ ಕಲಿಸಬೇಕೆಂದು ಬೇಡಿಕೊಳ್ಳುವೆವು.