ಈ ವರ್ಷ ಅಜ್ಜ ಕಾಯುತ್ತಿರುವ ಸಿನಿಮಾಗಳು

ಹೊಸ ಕ್ಯಾಲೆಂಡರ್ ಗೋಡೆಗೆ ಬಂದ ಕೂಡಲೇ ಕೆಲವರು ಹಬ್ಬ ಯಾವಾಗ ಎಂದು ನೋಡುತ್ತಾರೆ. ಕೆಲವರು ಭಾನುವಾರದಂದೇ ಬಂದು ನಷ್ಟವಾದ ರಜೆಗಳನ್ನು ಎಣಿಸುತ್ತಾರೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ನಾನು ಎರಡನೆಯ ಗುಂಪಿನವನು. ನಿವೃತ್ತನಾದ ಮೇಲೆ ಮೂರನೆಯ ಗುಂಪಿಗೆ ಸೇರಿದ್ದೇನೆ. ಯಾವ ಸಿನಿಮಾ ಯಾವಾಗ ಬರುತ್ತದೆ ಎಂದು ಗುರುತು ಹಾಕಿಕೊಳ್ಳುವವರ ಗುಂಪು ಅದು. ಗುರುತು ಹಾಕುವುದು ಪೆನ್ಸಿಲಿನಲ್ಲಿ. ಸಿನಿಮಾದವರು ಹೇಳಿದ ದಿನ ಮುಂದಕ್ಕೆ ಹೋಗುವುದು ಹೊಸದಲ್ಲ. ಅಳಿಸಿ ಬರೆಯಲು ಜಾಗ ಇರಬೇಕು.

ಎಪ್ಪತ್ತು ದಾಟಿದವನಿಗೆ ಸಿನಿಮಾದ ಹುಚ್ಚೇ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಸಿನಿಮಾದ ಅರ್ಧ ಸುಖ ಕಾಯುವುದರಲ್ಲಿದೆ. ನಾವು ಹುಡುಗರಾಗಿದ್ದಾಗ ಬೆಂಗಳೂರಿನಲ್ಲಿ ಬಿಡುಗಡೆಯಾದ ಚಿತ್ರ ನಮ್ಮಂಥ ಸಣ್ಣ ಊರಿನ ಟೂರಿಂಗ್ ಟಾಕೀಸಿಗೆ ಬರುವಷ್ಟರಲ್ಲಿ ತಿಂಗಳುಗಳೇ, ಕೆಲವೊಮ್ಮೆ ವರ್ಷಗಳೇ ಕಳೆದಿರುತ್ತಿದ್ದವು. ಅಷ್ಟರಲ್ಲಿ ಪಟ್ಟಣಕ್ಕೆ ಹೋಗಿ ನೋಡಿ ಬಂದವರ ಬಾಯಲ್ಲಿ ಕಥೆ ಹತ್ತು ಸಲ ಕೇಳಿ, ನಮ್ಮ ತಲೆಯಲ್ಲಿ ಹತ್ತು ಬೇರೆ ಬೇರೆ ಸಿನಿಮಾ ಆಗಿಬಿಟ್ಟಿರುತ್ತಿತ್ತು. ಈಗ ಒಂದೂವರೆ ನಿಮಿಷದ ಟ್ರೈಲರ್ ಎಲ್ಲವನ್ನೂ ತೋರಿಸಿಬಿಡುತ್ತದೆ. ಮಕ್ಕಳ ಮನಸ್ಸಿನಲ್ಲಿ ಅವರದೇ ಚಿತ್ರ ಮೂಡಲು ಸಮಯವೇ ಸಿಗುವುದಿಲ್ಲ.

ಆದ್ದರಿಂದ 2026ರ ನನ್ನ ಪಟ್ಟಿಗೆ ಒಂದು ನಿಯಮ ಮಾಡಿದ್ದೇನೆ. ತೆರೆಯ ಮೇಲೆ ಬರುವ ಮೊದಲು ಆ ಕಥೆ ಮನೆಯೊಳಗೆ ಬಂದಿರಬೇಕು. ಪ್ರತಿ ಚಿತ್ರದ ಜೊತೆಗೆ, ಕಾಯುವ ದಿನಗಳಲ್ಲಿ ಅಜ್ಜ-ಅಜ್ಜಿ ಮತ್ತು ಮೊಮ್ಮಕ್ಕಳು ಸೇರಿ ಮಾಡಬಹುದಾದ ಒಂದು ಕೆಲಸವನ್ನೂ ಬರೆದಿದ್ದೇನೆ. ಅದಕ್ಕೆ ಟಿಕೆಟ್ ಇಲ್ಲ.

ಒಂದು: ಮೇಷ್ಟ್ರು ಆಕಾಶಕ್ಕೆ ಹೋದ ಕಥೆ

ಮಾರ್ಚ್ 20ಕ್ಕೆ ಘೋಷಣೆಯಾಗಿರುವ ಇಂಗ್ಲಿಷ್ ಚಿತ್ರ 'ಪ್ರಾಜೆಕ್ಟ್ ಹೇಲ್ ಮೇರಿ'. ಆಂಡಿ ವಿಯರ್ 2021ರಲ್ಲಿ ಬರೆದ ಕಾದಂಬರಿ ಇದರ ಮೂಲ. ಒಬ್ಬ ಮನುಷ್ಯ ಅಂತರಿಕ್ಷ ನೌಕೆಯಲ್ಲಿ ಕಣ್ಣು ಬಿಡುತ್ತಾನೆ. ತಾನು ಯಾರು, ಇಲ್ಲಿಗೆ ಏಕೆ ಬಂದೆ ಎಂಬುದೇ ಅವನಿಗೆ ನೆನಪಿಲ್ಲ. ಅವನು ಶಾಲೆಯಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು ಎಂಬುದು ನಿಧಾನವಾಗಿ ತಿಳಿಯುತ್ತದೆ. ಸೂರ್ಯನ ಬೆಳಕು ದಿನೇ ದಿನೇ ಮಂಕಾಗುತ್ತಿದೆ. ಕಾರಣ ಹುಡುಕಿ ಭೂಮಿಯನ್ನು ಉಳಿಸಬೇಕು. ರಯಾನ್ ಗಾಸ್ಲಿಂಗ್ ಆ ಮೇಷ್ಟ್ರಾಗಿ ನಟಿಸಿದ್ದಾರೆ. ಬಂದೂಕು ಹಿಡಿದ ವೀರನ ಬದಲು ಸೀಮೆಸುಣ್ಣ ಹಿಡಿಯುತ್ತಿದ್ದವನೊಬ್ಬ ಲೋಕ ಕಾಪಾಡಲು ಹೊರಡುವುದೇ ನನಗೆ ಹಿಡಿಸಿದ್ದು. ಇದರ ಟ್ರೈಲರ್ ನೋಡಬೇಡಿ. ಕಥೆಯ ಒಂದು ದೊಡ್ಡ ಗುಟ್ಟನ್ನು ಅದು ಮೊದಲೇ ಹೇಳಿಬಿಡುತ್ತದೆ.

ಮೇಷ್ಟ್ರು ಹೋಗುವುದು ಟೌ ಸೆಟಿ ಎಂಬ ನಕ್ಷತ್ರದ ಕಡೆಗೆ. ಕಾಯುವಾಗ ಮಾಡುವ ಕೆಲಸ ಒಂದು ಲೆಕ್ಕ. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಭಾಗಿಸಿದರೆ 500 ಸೆಕೆಂಡು, ಅಂದರೆ 8 ನಿಮಿಷ 20 ಸೆಕೆಂಡು. ಟೌ ಸೆಟಿಯ ಬೆಳಕು ನಮಗೆ ತಲುಪಲು ಸುಮಾರು 12 ವರ್ಷ ಬೇಕು. ಆರನೇ ತರಗತಿಯಲ್ಲಿರುವ ನನ್ನ ಮೊಮ್ಮಗಳಿಗೆ ಈಗ ಹನ್ನೊಂದು. "ಹಾಗಾದ್ರೆ ಅಜ್ಜ, ಇವತ್ತು ಕಾಣೋ ಬೆಳಕು ನಾನು ಹುಟ್ಟೋಕೆ ಮುಂಚೆ ಹೊರಟಿದ್ದಾ?" ಎಂದು ಕೇಳಿದಳು. ಹೌದು. ಜನವರಿಯ ರಾತ್ರಿ ಎಂಟು ಗಂಟೆ ಹೊತ್ತಿಗೆ, ಊರ ದೀಪಗಳಿಲ್ಲದ ಕಡೆ ನಿಂತರೆ, ನೈಋತ್ಯ ದಿಕ್ಕಿನಲ್ಲಿ ಆ ನಕ್ಷತ್ರ ಬರಿಗಣ್ಣಿಗೇ ಕಾಣುತ್ತದೆ.

ಎರಡು: ಬೊಂಬೆಗೂ ಟ್ಯಾಬ್ಲೆಟ್ಟಿಗೂ ಜಗಳ

ಜೂನ್ 19ಕ್ಕೆ 'ಟಾಯ್ ಸ್ಟೋರಿ 5'. ಇದರ ಮೊದಲ ಚಿತ್ರ 1995ರಲ್ಲಿ ಬಂದಿತ್ತು. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ಚಿತ್ರಿಸಿದ ಮೊದಲ ಪೂರ್ಣ ಪ್ರಮಾಣದ ಕಥಾಚಿತ್ರ ಅದು. ಮನೆಯವರು ಆಚೆ ಹೋದಾಗ ಬೊಂಬೆಗಳು ಎದ್ದು ಮಾತಾಡುತ್ತವೆ ಎಂಬುದು ಕಥೆ. ಆಗ ಶಾಲೆಗೆ ಹೋಗುತ್ತಿದ್ದ ನನ್ನ ಮಗನಿಗೆ ಈಗ ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು. ಹಗ್ಗ ಎಳೆದರೆ ಮಾತಾಡುವ ಕೌಬಾಯ್ ಬೊಂಬೆ ವುಡಿಗೆ ಮಾತ್ರ ವಯಸ್ಸಾಗಿಲ್ಲ.

ಈ ಸಲ ಬೊಂಬೆಗಳ ಎದುರಾಳಿ ಇನ್ನೊಂದು ಬೊಂಬೆಯಲ್ಲ. ಲಿಲಿಪ್ಯಾಡ್ ಎಂಬ, ಕಪ್ಪೆಯ ಆಕಾರದ ಟ್ಯಾಬ್ಲೆಟ್. ಮನೆಯ ಹುಡುಗಿ ಬಾನಿಯ ಕೈಗೆ ಅದು ಬಂದ ಮೇಲೆ ಬೊಂಬೆಗಳನ್ನು ಕೇಳುವವರಿಲ್ಲ. ಈ ಜಗಳ ನಮ್ಮೆಲ್ಲರ ಮನೆಯಲ್ಲೂ ನಡೆದಿದೆ. ಆದರೆ ಅಜ್ಜ-ಅಜ್ಜಿಯರೇ, ಇದನ್ನು ನೆಪ ಮಾಡಿಕೊಂಡು ಮಕ್ಕಳಿಗೆ ಉಪದೇಶ ಮಾಡಲು ಹೊರಡಬೇಡಿ. ಬೆಳಿಗ್ಗೆ ಕಾಫಿ ಲೋಟಕ್ಕಿಂತ ಮೊದಲು ಮೊಬೈಲು ಹುಡುಕುವ ಹಿರಿಯರು ಎಷ್ಟು ಮಂದಿ ಎಂದು ಮಕ್ಕಳು ಲೆಕ್ಕ ಇಟ್ಟಿರುತ್ತಾರೆ.

ಇದಕ್ಕೆ ಕೆಲಸ: ಅಟ್ಟದ ಮೇಲಿನ ಟ್ರಂಕಿನಿಂದ ಒಂದು ಹಳೆಯ ಬೊಂಬೆ ಕೆಳಗಿಳಿಯಲಿ. ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಯಾಗಲಿ, ದಸರಾ ಸಾಲಿನಲ್ಲಿ ಕೂರುವ ಪಟ್ಟದ ಬೊಂಬೆಯಾಗಲಿ. ಅದು ಯಾರ ಕೈಯಿಂದ ಬಂತು, ಎಷ್ಟು ಮನೆ ಬದಲಾಯಿಸಿತು, ಅದರ ಮೂಗು ಮುರಿದದ್ದು ಹೇಗೆ ಎಂದು ಹಿರಿಯರು ಹೇಳಲಿ. ನಾವೆಲ್ಲ ಮಲಗಿದ ಮೇಲೆ ಅದು ಏನು ಮಾತಾಡುತ್ತದೆ ಎಂದು ಮಕ್ಕಳು ಹೇಳಲಿ.

ಮೂರು: ಮನೆಗೆ ಬರಲು ಹತ್ತು ವರ್ಷ

ಜುಲೈ 17ಕ್ಕೆ ಕ್ರಿಸ್ಟೋಫರ್ ನೋಲನ್ ಅವರ 'ದಿ ಒಡಿಸ್ಸಿ'. ಹೋಮರನ ಗ್ರೀಕ್ ಮಹಾಕಾವ್ಯ. ಒಡಿಸಿಯಸ್ ಎಂಬ ರಾಜ ಟ್ರಾಯ್ ಯುದ್ಧಕ್ಕೆ ಹೋಗಿ ಹತ್ತು ವರ್ಷ ಹೋರಾಡುತ್ತಾನೆ. ಗೆದ್ದ ಮೇಲೆ ಸಮುದ್ರದಲ್ಲಿ ದಾರಿ ತಪ್ಪಿ, ಮನೆ ಸೇರಲು ಮತ್ತೆ ಹತ್ತು ವರ್ಷ ಹಿಡಿಯುತ್ತದೆ. ಮ್ಯಾಟ್ ಡೇಮನ್ ರಾಜ. ಸ್ಪೈಡರ್‌ಮ್ಯಾನ್ ಆಗಿ ಮಕ್ಕಳಿಗೆಲ್ಲ ಗೊತ್ತಿರುವ ಟಾಮ್ ಹಾಲಂಡ್ ಅವನ ಮಗ.

ಇಡೀ ಚಿತ್ರವನ್ನು ಐಮ್ಯಾಕ್ಸ್ ಫಿಲ್ಮ್ ಕ್ಯಾಮೆರಾಗಳಲ್ಲೇ ತೆಗೆದಿದ್ದಾರೆ; ಕಥಾಚಿತ್ರವೊಂದು ಹಾಗೆ ತಯಾರಾದದ್ದು ಇದೇ ಮೊದಲು. ಟಾಕೀಸಿನ ಹಿಂದೆ ಬಿದ್ದ ರೀಲಿನ ತುಂಡು ಆರಿಸಿ, ನೀರು ತುಂಬಿದ ಬಲ್ಬಿನ ಮುಂದೆ ಹಿಡಿದು ಗೋಡೆಗೆ 'ಸಿನಿಮಾ' ಬಿಟ್ಟ ನನ್ನ ಓರಗೆಯವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಆ 35 ಎಂಎಂ ರೀಲಿನಲ್ಲಿ ಒಂದು ಚಿತ್ರದ ಪಕ್ಕಕ್ಕೆ ನಾಲ್ಕು ತೂತು. ಐಮ್ಯಾಕ್ಸ್ ರೀಲು ಅಡ್ಡಡ್ಡವಾಗಿ ಓಡುತ್ತದೆ, ಒಂದು ಚಿತ್ರಕ್ಕೆ ಹದಿನೈದು ತೂತು. ಚಿತ್ರ ಎಷ್ಟು ದೊಡ್ಡದೋ ತೆರೆಯ ಮೇಲೆ ಅಷ್ಟು ನಿಚ್ಚಳ.

ಕಾಯುವಾಗ ಹೇಳಬೇಕಾದ ಕಥೆಗಳು ಇದರಲ್ಲಿ ರಾಶಿ ಇವೆ. ಒಂದೇ ಕಣ್ಣಿನ ರಾಕ್ಷಸ ಹೆಸರು ಕೇಳಿದಾಗ ಒಡಿಸಿಯಸ್ 'ಯಾರೂ ಅಲ್ಲ' ಎಂದು ಹೇಳುತ್ತಾನೆ. ರಾತ್ರಿ ಅವನ ಕಣ್ಣಿಗೆ ಕಾಯಿಸಿದ ಗೂಟ ತಿವಿಯುತ್ತಾನೆ. ರಾಕ್ಷಸ ಕಿರುಚಿದಾಗ ನೆರೆಯ ರಾಕ್ಷಸರು ಓಡಿ ಬಂದು "ನಿನಗೆ ತೊಂದರೆ ಕೊಟ್ಟವರು ಯಾರು?" ಎಂದು ಕೇಳುತ್ತಾರೆ. "ಯಾರೂ ಅಲ್ಲ!" ಎನ್ನುತ್ತಾನೆ ಅವನು. ಅವರು ಮನೆಗೆ ಹೋಗಿ ಮಲಗುತ್ತಾರೆ! ಎರಡನೇ ತರಗತಿಯ ಮೊಮ್ಮಗ ಇದನ್ನು ವಾರವಿಡೀ ಹೇಳಿಸಿಕೊಂಡ. ಈಗ ಮನೆಯಲ್ಲಿ ಲೋಟ ಒಡೆದದ್ದು ಯಾರು ಎಂದು ಕೇಳಿದರೂ ಅದೇ ಉತ್ತರ.

ಇದು ಕಾಯುವವರ ಕಥೆಯೂ ಹೌದು. ರಾಣಿ ಪೆನೆಲೋಪೆ ಹಗಲು ನೇಯ್ದ ಬಟ್ಟೆಯನ್ನು ರಾತ್ರಿ ಬಿಚ್ಚುತ್ತಾ, ಮದುವೆಗೆ ಪೀಡಿಸುವವರನ್ನು ಮೂರು ವರ್ಷ ದೂರವಿಡುತ್ತಾಳೆ. ಆರ್ಗಸ್ ಎಂಬ ನಾಯಿ ಇಪ್ಪತ್ತು ವರ್ಷ ಕಾದು, ಭಿಕ್ಷುಕನ ವೇಷದಲ್ಲಿ ಬಂದ ಒಡೆಯನನ್ನು ಗುರುತು ಹಿಡಿದು, ಬಾಲ ಆಡಿಸಿ ಪ್ರಾಣ ಬಿಡುತ್ತದೆ. ಈ ಭಾಗ ಹೇಳುವಾಗ ನನ್ನ ಗಂಟಲು ಕಟ್ಟಿತು. ಸಿನಿಮಾದಲ್ಲಿ ನಾಯಿ ಇರಲಿ ಬಿಡಲಿ, ನಮ್ಮ ಮನೆಯಲ್ಲಿ ಈಗ ಇದೆ.

ನಾಲ್ಕು: ದೀಪಾವಳಿಗೆ ರಾಮಾಯಣ

ಪಟ್ಟಿಯ ದೊಡ್ಡ ಹೆಸರು ಇದೇ. ನಿತೇಶ್ ತಿವಾರಿ ನಿರ್ದೇಶನದ 'ರಾಮಾಯಣ'ದ ಮೊದಲ ಭಾಗ ಈ ದೀಪಾವಳಿಗೆ, ಎರಡನೆಯದು ಮುಂದಿನ ದೀಪಾವಳಿಗೆ ಎಂದು ಘೋಷಿಸಿದ್ದಾರೆ. ನಮ್ಮ ಕಡೆ ದೀಪಾವಳಿ ಎಂದರೆ ನರಕಾಸುರ, ಬಲೀಂದ್ರ. ಉತ್ತರದಲ್ಲಿ ಅದು ರಾಮ ಅಯೋಧ್ಯೆಗೆ ಮರಳಿದ ಹಬ್ಬ. ಅದಕ್ಕೇ ಈ ದಿನ. ರಣಬೀರ್ ಕಪೂರ್ ರಾಮ, ಸಾಯಿ ಪಲ್ಲವಿ ಸೀತೆ, ಸನ್ನಿ ಡಿಯೋಲ್ ಹನುಮಂತ. ರಾವಣ ನಮ್ಮ ಯಶ್. ಅವರು ನಿರ್ಮಾಪಕರಲ್ಲೂ ಒಬ್ಬರು. ಸಂಗೀತಕ್ಕೆ ಎ. ಆರ್. ರೆಹಮಾನ್ ಜೊತೆ ಹಾನ್ಸ್ ಜಿಮ್ಮರ್.

ಕನ್ನಡಿಗನಿಗೆ ರಾವಣ ಹೊಸಬನಲ್ಲ. 1958ರ 'ಭೂಕೈಲಾಸ'ದಲ್ಲಿ ರಾಜ್‌ಕುಮಾರ್ ರಾವಣನಾಗಿದ್ದರು. ಶಿವನಿಂದ ಆತ್ಮಲಿಂಗ ಪಡೆದು ಬರುವಾಗ ಗಣಪತಿ ಅದನ್ನು ನೆಲಕ್ಕಿಡಿಸುವ ಗೋಕರ್ಣದ ಕಥೆ. ನಮ್ಮೂರ ಟಾಕೀಸಿಗೆ ಅದು ವರ್ಷಗಳ ನಂತರ ಬಂದಾಗ ಮರಳಿನ ಮೇಲೆ ಕೂತು ನೋಡಿದ್ದೇನೆ. ಇನ್ನೂ ಹಿಂದಕ್ಕೆ ಹೋದರೆ, ನಾಗಚಂದ್ರ ಬರೆದ ಜೈನ ರಾಮಾಯಣದಲ್ಲಿ ರಾವಣ ಬರೀ ದುಷ್ಟನಲ್ಲ. ದೊಡ್ಡ ಗುಣಗಳಿದ್ದೂ ಒಂದು ದೌರ್ಬಲ್ಯದಿಂದ ಬಿದ್ದವನು. ತೊರವೆಯ ಕುಮಾರ ವಾಲ್ಮೀಕಿ ಹೇಳಿದ ರೀತಿ ಬೇರೆ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಬೇರೆ, ಯಕ್ಷಗಾನದ ಆಟ ಬೇರೆ. ಇಷ್ಟು ರಾಮಾಯಣ ಇರುವ ಮನೆಗೆ ಇನ್ನೊಂದು ಬರುತ್ತಿದೆ, ಬರಲಿ.

ನನ್ನ ಭಯ ಒಂದೇ. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಮಾನಂದ ಸಾಗರರ ರಾಮಾಯಣ ಬಂತು. ಟಿವಿ ಇದ್ದ ಮನೆಯಲ್ಲಿ ಬೀದಿಯೇ ಸೇರುತ್ತಿತ್ತು. ಅಂದಿನಿಂದ ಎಷ್ಟೋ ಮಕ್ಕಳಿಗೆ ರಾಮ ಎಂದರೆ ಅರುಣ್ ಗೋವಿಲ್ ಮುಖವೇ. ನನಗೆ ಹಾಗಾಗಲಿಲ್ಲ. ನನ್ನ ಹನುಮಂತ ನಮ್ಮೂರ ಗುಡಿಯವನು. ಮೈತುಂಬ ಸಿಂಧೂರ, ತಲೆಯ ಮೇಲೆ ಬಳಸಿ ಬಂದ ಬಾಲ, ಬಾಲದ ತುದಿಗೆ ಗಂಟೆ. ಅಜ್ಜಿ ಕಥೆ ಹೇಳಿದಾಗ ಸಮುದ್ರ ಹಾರಿದ್ದು ಅವನೇ, ಗಂಟೆ ಕಿಣಿಕಿಣಿ ಅನ್ನಿಸಿಕೊಂಡು. ಎಂಥ ದೊಡ್ಡ ತೆರೆ ಬಂದರೂ ಅವನನ್ನು ಅಳಿಸಲಾರದು, ಏಕೆಂದರೆ ಅವನು ಮೊದಲು ಬಂದವನು.

ದೀಪಾವಳಿಯ ತನಕ ನಲವತ್ತಕ್ಕೂ ಹೆಚ್ಚು ಭಾನುವಾರಗಳಿವೆ. ವಾರಕ್ಕೊಂದು ಪ್ರಸಂಗ ಹೇಳಿದರೂ ಮೊದಲ ಭಾಗಕ್ಕೆ ಧಾರಾಳ. ಹೇಳಿದ ಮೇಲೆ ಮಕ್ಕಳಿಂದ ಒಂದು ಚಿತ್ರ ಬರೆಸಿ, ತಾರೀಖು ಹಾಕಿ ಇಟ್ಟುಕೊಳ್ಳಿ. ಸಿನಿಮಾ ನೋಡಿ ಬಂದ ಮೇಲೆ ಆ ಹಾಳೆಗಳನ್ನು ತೆಗೆದು, ಯಾರ ಜಟಾಯು ಚೆನ್ನಾಗಿದೆ ಎಂದು ಜಗಳವಾಡಿ.

ಐದು: ಖಾಲಿ ಬಿಟ್ಟ ಸಾಲು

ಯುಗಾದಿಯ ದಿನ, ಮಾರ್ಚ್ 19ಕ್ಕೆ, ಗೀತು ಮೋಹನ್‌ದಾಸ್ ನಿರ್ದೇಶನದ ಯಶ್ ಚಿತ್ರ 'ಟಾಕ್ಸಿಕ್' ಘೋಷಣೆಯಾಗಿದೆ. ಅದರ ಹೆಸರಿನ ಜೊತೆಯಲ್ಲೇ 'ದೊಡ್ಡವರಿಗಾಗಿ' ಎಂದು ಬರೆದಿರುವುದರಿಂದ ನನ್ನ ಪಟ್ಟಿಗೆ ಸೇರಿಸಿಲ್ಲ. ಅದನ್ನು ಮಗ-ಸೊಸೆ ನೋಡಿಕೊಳ್ಳಲಿ. ಅಂದಹಾಗೆ ಈಗ ಸೆನ್ಸಾರ್ ಪ್ರಮಾಣಪತ್ರದಲ್ಲಿ ಯುಎ 7+, 13+, 16+ ಎಂದು ವಯಸ್ಸು ಬರೆದಿರುತ್ತಾರೆ. ಮೊಮ್ಮಕ್ಕಳ ಕೈ ಹಿಡಿದು ಹೊರಡುವ ಮೊದಲು ಆ ಸಂಖ್ಯೆ ನೋಡಿ. ಮೇಲಿನ ನಾಲ್ಕಕ್ಕೂ ಇದೇ ಮಾತು.

ಐದನೆಯ ಸಾಲು ಕನ್ನಡದ ಮಕ್ಕಳ ಚಿತ್ರವೊಂದಕ್ಕೆ. ನಾನು ನೋಡಿದ ಈ ವರ್ಷದ ದೊಡ್ಡ ಪಟ್ಟಿಗಳಲ್ಲಿ ಅದು ಕಣ್ಣಿಗೆ ಬೀಳಲಿಲ್ಲ. ನಮಗೆ ಮಾಡಲು ಬಾರದೆಂದಲ್ಲ. 1985ರ 'ಬೆಟ್ಟದ ಹೂವು' ನೆನಪಿಸಿಕೊಳ್ಳಿ. 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂದು ಕಾಡಿನ ಹೂವು ಮಾರಿ ಕಾಸು ಕೂಡಿಡುವ ಬಡ ಹುಡುಗ ರಾಮು, ಕೊನೆಗೆ ಆ ಹಣದಲ್ಲಿ ಮನೆಯವರ ಚಳಿಗೆ ಹೊದಿಕೆ ತರುತ್ತಾನೆ. ಆ ಪಾತ್ರಕ್ಕೆ ಪುನೀತ್ ರಾಷ್ಟ್ರಪ್ರಶಸ್ತಿ ಪಡೆದರು. 2018ರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' ರಾಷ್ಟ್ರಪ್ರಶಸ್ತಿಯನ್ನೂ ತಂದಿತು, ಚಿತ್ರಮಂದಿರವನ್ನೂ ತುಂಬಿಸಿತು. ಅಮೆರಿಕದ ಬೊಂಬೆಗೂ ಗ್ರೀಕರ ನಾಯಿಗೂ ಕಾಯುವ ನಮ್ಮ ಮಕ್ಕಳು ತಮ್ಮ ಶಾಲೆಯ ಮಾತಿನಲ್ಲೇ ಬರುವ ಒಂದು ಕಥೆಗೂ ಕಾಯುವಂತಾಗಬೇಕು. ಅಂಥ ಚಿತ್ರ ಸದ್ದಿಲ್ಲದೆ ಬಂದು ಒಂದು ವಾರ ನಿಂತರೂ, ಆ ವಾರದಲ್ಲೇ ಹೋಗಿ ನೋಡೋಣ. ನಾವು ಹೋಗದಿದ್ದರೆ ಮುಂದಿನದನ್ನು ಮಾಡುವವರಾದರೂ ಯಾರು?

ಮಕ್ಕಳೇ, ನೀವೂ ಒಂದು ಪಟ್ಟಿ ಮಾಡಿ. ಚಿತ್ರದ ಹೆಸರು, ಬರುವ ದಿನ, ಜೊತೆಗೆ ಯಾರು ಬರಬೇಕು ಎಂದು ಮೂರು ಕಲಂ ಹಾಕಿ. ಮೂರನೆಯ ಕಲಮಿನಲ್ಲಿ ಅಜ್ಜಿಯ ಹೆಸರಿದ್ದರೆ ಅವರಿಗೆ ಇವತ್ತೇ ತಿಳಿಸಿ. ಮಂಡಿನೋವಿನವರಿಗೆ ಮೆಟ್ಟಿಲು ಕಡಿಮೆಯಿರುವ ಥಿಯೇಟರ್ ಹುಡುಕಲು ಸ್ವಲ್ಪ ಸಮಯ ಬೇಕು.